ಲಡಾಖಿನ ದಾರಿಯಲ್ಲಿ ಹದಿನೆಂಟು ದಿನ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಹಾನಗರಗಳಲ್ಲಿ ನೆಲೆಸಿದ ನಮ್ಮವರ ಕುಟುಂಬಗಳಿಗೆ ಬೇಸಗೆಯ ರಜೆಯೆಂದರೆ ಬಹುಕಾಲ ಊರಿನ ದಾರಿಯೇ ಆಗಿತ್ತು. ಈಗ ಮಕ್ಕಳು ಬೆಟ್ಟವನ್ನು ಕೇಳುತ್ತಾರೆ, ಹಿಮವನ್ನು ಕೇಳುತ್ತಾರೆ. ಸ್ವಂತ ಕಾರಿನಲ್ಲಿ ಡೇರೆ, ಒಲೆ, ಕಂಬಳಿಗಳನ್ನು ಹೇರಿಕೊಂಡು ಲಡಾಖಿನ ಕಡೆಗೆ ಹೊರಡುವ ಗೃಹಸ್ಥರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಇದು ಸಂತೋಷದ ವಿಷಯವೇ ಸರಿ. ಪರ್ವತ, ಮರುಭೂಮಿ, ವನ್ಯಜೀವಿ ಈ ಮೂರನ್ನೂ ಒಂದೇ ಪ್ರಯಾಣದಲ್ಲಿ ಕಾಣಿಸುವ ಇಂಥ ದಾರಿ ನಮ್ಮ ದೇಶದಲ್ಲಿ ಮತ್ತೊಂದು ಸಿಗುವುದು ಕಷ್ಟ.

ಆದರೆ ಈ ಪ್ರಯಾಣಕ್ಕೆ ಎರಡು ಲೆಕ್ಕಗಳಿವೆ. ಒಂದು ರಜೆಯ ಲೆಕ್ಕ, ಇನ್ನೊಂದು ಉಸಿರಿನ ಲೆಕ್ಕ. ಕಚೇರಿಯಲ್ಲಿ ಎಂಟು ದಿನಗಳ ರಜೆ ಮಂಜೂರಾಗಿದೆ ಎಂದುಕೊಳ್ಳೋಣ. ದೆಹಲಿಯಿಂದ ಮನಾಲಿಗೆ ಒಂದು ದಿನ, ಅಲ್ಲಿಂದ ಸರ್ಚುವಿಗೆ ಒಂದು ದಿನ, ಮೂರನೆಯ ಸಂಜೆ ಲೇಹ್ ಎಂದು ಕಾಗದದ ಮೇಲೆ ಬರೆದುಬಿಡುವುದು ಸುಲಭ. ರಜೆಯ ಲೆಕ್ಕ ಸರಿಹೋಗುತ್ತದೆ. ಉಸಿರಿನ ಲೆಕ್ಕ ಮಾತ್ರ ತಪ್ಪುತ್ತದೆ. ಹೀಗೆ ಉಳಿಸಿದ ದಿನಗಳನ್ನು ದೇಹವು ತೆರಬೇಕಾಗುತ್ತದೆ, ಕೆಲವೊಮ್ಮೆ ಪ್ರಾಣದಿಂದಲೇ ತೆರಬೇಕಾಗುತ್ತದೆ.

ಗಾಳಿ ಇದೆ, ಒತ್ತಡವಿಲ್ಲ

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಮನಾಲಿ ಪಟ್ಟಣವೇ ಅದಕ್ಕಿಂತ ಎತ್ತರದಲ್ಲಿದೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಎಂದರೆ, ಮುಳ್ಳಯ್ಯನಗಿರಿಯ ತುದಿಯ ಮೇಲೆ ಅದರ ಮುಕ್ಕಾಲಿಗೂ ಮಿಗಿಲಾದ ಇನ್ನೊಂದು ಬೆಟ್ಟವನ್ನು ಹೇರಿದರೆ ಲೇಹ್ ಪೇಟೆಯ ಎತ್ತರವಾದೀತು.

ಅಲ್ಲಿಯ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯೆಂದು ಹಲವರು ಭಾವಿಸುತ್ತಾರೆ. ಪಾಲು ನೂರಕ್ಕೆ 21 ಎಂಬುದು ಎಲ್ಲೆಡೆಯೂ ಒಂದೇ. ಕುಗ್ಗುವುದು ಗಾಳಿಯ ಒತ್ತಡ. ಆದುದರಿಂದ ಲೇಹ್‌ನಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರನೆಯ ಎರಡು ಭಾಗದಷ್ಟು ಮಾತ್ರ. 5,300 ಮೀಟರ್ ಎತ್ತರದ ಕಣಿವೆದಾರಿಗಳಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು.

ಈ ಕೊರತೆಯನ್ನು ತುಂಬಲು ದೇಹವು ಮೊದಲು ವೇಗವಾಗಿ ಉಸಿರಾಡತೊಡಗುತ್ತದೆ. ಹೀಗೆ ಉಸಿರಾಡಿದಾಗ ಇಂಗಾಲಾಮ್ಲವು ಹೆಚ್ಚಾಗಿ ಹೊರಹೋಗಿ ರಕ್ತವು ಕ್ಷಾರಗುಣವನ್ನು ಪಡೆಯುತ್ತದೆ. ಆ ಕ್ಷಾರವನ್ನು ಮೂತ್ರಪಿಂಡಗಳು ಮೆಲ್ಲಮೆಲ್ಲನೆ ಹೊರಹಾಕಿದ ಮೇಲೆಯೇ ಉಸಿರಾಟವು ಒಂದು ಹದಕ್ಕೆ ಬರುವುದು. ಈ ಕೆಲಸಕ್ಕೆ ದಿನಗಳು ಬೇಕು. ದುಡ್ಡು, ದೃಢಕಾಯ, ಧೈರ್ಯ ಇವು ಯಾವುವೂ ಆ ದಿನಗಳಿಗೆ ಬದಲಾಗಲಾರವು. 1962ರ ಯುದ್ಧದ ಸಂದರ್ಭದಲ್ಲಿ ಬಯಲುಸೀಮೆಯಿಂದ ಹಿಮಾಲಯಕ್ಕೆ ಅವಸರವಾಗಿ ಸಾಗಿಸಲ್ಪಟ್ಟ ಭಾರತೀಯ ಯೋಧರ ಪೈಕಿ ಕಾಯಿಲೆ ಬಿದ್ದ 1,925 ಮಂದಿಯನ್ನು ಕುರಿತು ಡಾಕ್ಟರ್ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು 1969ರಲ್ಲಿ ಪ್ರಕಟಿಸಿದ ಅಧ್ಯಯನವು ಜಗತ್ತಿನಾದ್ಯಂತ ಹೆಸರಾಗಿದೆ. ಅವರೆಲ್ಲರೂ ಕವಾಯತಿನಲ್ಲಿ ಪಳಗಿದ ಗಟ್ಟಿಮುಟ್ಟಾದ ಯೋಧರು. ಮೇಜಿನ ಮುಂದೆ ಕುಳಿತು ದುಡಿಯುವವರು ತಮಗೆ ಏನೂ ಆಗದೆಂದು ನಂಬುವುದಕ್ಕೆ ಆಧಾರವಿಲ್ಲ.

ಬೆಟ್ಟದ ವೈದ್ಯರು ಹೇಳುವ ನಿಯಮ ಸರಳವಾದುದು. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ತಂಗಬೇಕು. ಹಗಲಿನಲ್ಲಿ ಎತ್ತರದ ಕಣಿವೆಯನ್ನು ದಾಟಿ ಇಳಿದರೆ ಅಷ್ಟು ಬಾಧಕವಿಲ್ಲ. ಮಲಗುವ ಎತ್ತರವೇ ಮುಖ್ಯ.

ಎರಡು ದಾರಿಗಳು

ಲೇಹ್‌ಗೆ ಮೋಟಾರು ದಾರಿಗಳಲ್ಲಿ ಪ್ರಸಿದ್ಧವಾದವು ಎರಡು. ಒಂದು ಮನಾಲಿಯ ಮೇಲಿನದು, ಇನ್ನೊಂದು ಶ್ರೀನಗರದ ಮೇಲಿನದು. ಎರಡೂ ಸುಮಾರು 430 ಕಿಲೋಮೀಟರ್ ಉದ್ದದವು. ದೂರ ಒಂದೇ ಆದರೂ ಸ್ವಭಾವ ಬೇರೆ.

ಮನಾಲಿಯ ದಾರಿಯಲ್ಲಿ ಕೇಲಾಂಗ್ ಮತ್ತು ಜಿಸ್ಪಾ ದಾಟಿದ ನಂತರ ನೆಲವು ಒಮ್ಮೆಲೇ ಮೇಲೇಳುತ್ತದೆ. ಸುಮಾರು 4,890 ಮೀಟರಿನ ಬಾರಾಲಾಚಾ ಕಣಿವೆಯನ್ನು ದಾಟಿದರೆ ಸಿಗುವ ಸರ್ಚು 4,290 ಮೀಟರ್ ಎತ್ತರದಲ್ಲಿದೆ. ಮುಂದಿನ ತಂಗುದಾಣವಾದ ಪಾಂಗ್ ಸುಮಾರು 4,600 ಮೀಟರ್. ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಬೆಟ್ಟದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಆದರೆ ಪಾಂಗ್‌ನಲ್ಲಿ ನಡುರಾತ್ರಿ ಮಗುವಿಗೆ ಉಸಿರು ಕಟ್ಟಿದರೆ ಇಳಿಯುವುದೆಲ್ಲಿಗೆ? ಮನಾಲಿಯ ಕಡೆಗೆ ತಿರುಗಿದರೆ 5,000 ಮೀಟರ್ ಮೀರಿದ ಲಾಚುಂಗ್ ಕಣಿವೆ, ಲೇಹ್ ಕಡೆಗೆ ತಿರುಗಿದರೆ 5,328 ಮೀಟರಿನ ತಂಗ್ಲಾಂಗ್ ಕಣಿವೆ. ಇಳಿಯಬೇಕಾದವನು ಮೊದಲು ಏರಬೇಕು. ನುಣ್ಣಗೆ ಕಂಡ ಬೆಟ್ಟದ ಒರಟುತನ ತಿಳಿಯುವುದು ಅಂಥ ರಾತ್ರಿಯಲ್ಲಿ.

ಶ್ರೀನಗರದ ದಾರಿಯಾದರೋ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದುದರಿಂದ ಹೋಗುವಾಗ ಶ್ರೀನಗರ, ಬರುವಾಗ ಮನಾಲಿ ಎಂಬ ಸುತ್ತು ಕುಟುಂಬಸಮೇತ ಹೊರಟವರಿಗೆ ಹಿತವಾದುದು. ದೆಹಲಿಯಿಂದ ದೆಹಲಿಗೆ ಹದಿನೆಂಟು ದಿನಗಳು ಬೇಕು. ಮುಂಬಯಿ, ಪುಣೆ, ಮದರಾಸು, ಹೈದರಾಬಾದುಗಳಿಂದ ಬರುವವರು ದೆಹಲಿಯವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ವಾಹನ ಹಿಡಿಯಬಹುದು. ವಿಮಾನವು ದೆಹಲಿಯಿಂದ ಲೇಹ್‌ಗೆ ಒಂದೂಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ ಎಂಬುದೇನೋ ನಿಜ. ಆದರೆ ಮಲಗುವ ಎತ್ತರವು ಒಂದೇ ಹಗಲಿನಲ್ಲಿ 3,300 ಮೀಟರಿನಷ್ಟು ಜಿಗಿಯುವುದರಿಂದ ಅಂಥವರು ಮೊದಲ ಎರಡು ಮೂರು ದಿನ ಲೇಹ್‌ನಲ್ಲಿ ಸುಮ್ಮನೆ ಮಲಗಿರಲೇಬೇಕು.

ಹಸಿರಿನಿಂದ ಬೋಳಿಗೆ

ಮೊದಲ ದಿನ ಜಮ್ಮು, ಎರಡನೆಯ ದಿನ ಶ್ರೀನಗರ. ಮೂರನೆಯ ದಿನ ಅಲ್ಲಿಯೇ ವಿಶ್ರಾಂತಿ. ನಾಲ್ಕನೆಯ ರಾತ್ರಿಗೆ ಸುಮಾರು 2,800 ಮೀಟರ್ ಎತ್ತರದ ಸೋನಾಮರ್ಗದಲ್ಲಿ ಮೊದಲ ಡೇರೆ. ಸಿಂಧ್ ನದಿಯ ಮೊರೆತ, ದೇವದಾರು ಮರಗಳ ನೆರಳು, ಹುಲ್ಲುಗಾವಲಿನ ಹಸಿರು ಇವನ್ನೆಲ್ಲ ಕಣ್ತುಂಬ ನೋಡಿಕೊಳ್ಳಬೇಕು, ಮರುದಿನ ಅವು ಇರುವುದಿಲ್ಲ.

ಮರುಬೆಳಗ್ಗೆ 3,528 ಮೀಟರಿನ ಜೋಜಿಲಾ ಕಣಿವೆಯನ್ನು ಏರುವಾಗ ಕನ್ನಡಿಗರು ನೆನೆಯಬೇಕಾದ ಹೆಸರೊಂದುಂಟು. 1948ರ ನವೆಂಬರ್ 1ರಂದು ಈ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ಬಾಗಿಲನ್ನು ತೆರೆಯಿಸಿದ ಸೇನಾನಿ ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಬರಬಹುದೆಂದು ಎದುರಾಳಿಗಳು ಎಣಿಸಿರಲಿಲ್ಲ.

ಕಣಿವೆ ದಾಟಿದೊಡನೆ ನೋಟವು ಬದಲಾಗುತ್ತದೆ. ಮಳೆಮೋಡಗಳನ್ನು ಹಿಮಾಲಯದ ಗೋಡೆ ಅತ್ತಲೇ ತಡೆದುಬಿಡುವುದರಿಂದ ಇತ್ತ ಬರೀ ಕಲ್ಲು, ಮಣ್ಣು, ಬಿಸಿಲು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬಿದ್ದರೆ ಲೇಹ್‌ನಲ್ಲಿ ಬೀಳುವುದು ಸುಮಾರು 100 ಮಿಲಿಮೀಟರ್. ಇದೇ ಶೀತಲ ಮರುಭೂಮಿ. ಮಳೆಗೆ ಸಿದ್ಧವಾಗಿಲ್ಲದ ಈ ನೆಲದ ಮೇಲೆ 2010ರ ಆಗಸ್ಟಿನಲ್ಲಿ ಮೇಘಸ್ಫೋಟವಾದಾಗ ಲೇಹ್ ಪರಿಸರದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಒಣಗಿದ ಹಳ್ಳದ ಪಾತ್ರದಲ್ಲಿ, ಅದು ಎಷ್ಟೇ ಸಮತಟ್ಟಾಗಿ ಕಂಡರೂ, ಡೇರೆ ಹೂಡಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ದ್ರಾಸ್‌ನಲ್ಲಿ 1999ರ ಯುದ್ಧದ ಸ್ಮಾರಕಕ್ಕೆ ನಮಿಸಿ ಐದನೆಯ ರಾತ್ರಿ ಕಾರ್ಗಿಲಿನಲ್ಲಿ ತಂಗಬೇಕು. ಅದರ ಎತ್ತರ 2,676 ಮೀಟರ್. ಎಂದರೆ ಹಿಂದಿನ ರಾತ್ರಿಗಿಂತ ತುಸು ಕೆಳಗೇ ಮಲಗಿದಂತಾಯಿತು. ಆರನೆಯ ದಿನ 4,108 ಮೀಟರಿನ ಫೋಟುಲಾ ಕಣಿವೆಯನ್ನು ದಾಟಿ, ಲಾಮಾಯೂರು ಮಠವನ್ನು ದರ್ಶಿಸಿ, ಸಿಂಧೂ ನದಿಯ ದಂಡೆಗೆ ಇಳಿದು ಆಲ್ಚಿಯಲ್ಲಿ ವಸತಿ. ಇದು ಸುಮಾರು 3,100 ಮೀಟರ್. ಜರ್ದಾಳು ತೋಟಗಳ ನಡುವಿನ ಈ ಹಳ್ಳಿಯಲ್ಲಿ ಒಂದು ರಾತ್ರಿ ಕಳೆದವರಿಗೆ ಏಳನೆಯ ದಿನದ ಲೇಹ್ ಭಾರವಾಗುವುದಿಲ್ಲ.

ಮರಳು ಮತ್ತು ಒಂಟೆ

ಲೇಹ್‌ನಲ್ಲಿ ಮೂರು ರಾತ್ರಿಗಳು. ಮೊದಲ ದಿನ ಸ್ವಲ್ಪ ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ತುಂಡಾಗುವುದು ಇವು ಹಲವರಿಗೆ ಕಾಣಿಸಿಕೊಳ್ಳುತ್ತವೆ. ವಿಶ್ರಮಿಸಿದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಅವು ಪೂರ್ತಿ ಇಳಿಯುವ ತನಕ ಮುಂದಿನ ಏರು ಬೇಡ.

ಹತ್ತನೆಯ ದಿನ ಖರ್ದುಂಗ್ ಕಣಿವೆಯ ಮೇಲೆ ನುಬ್ರಾದ ಕಡೆಗೆ. ಈ ಕಣಿವೆಯ ಎತ್ತರವನ್ನು 18,380 ಅಡಿಯೆಂದು ಬಹುಕಾಲ ಸಾರಲಾಗುತ್ತಿತ್ತು. ಈಚಿನ ಅಳತೆಯ ಪ್ರಕಾರ ಅದು 5,359 ಮೀಟರ್, ಎಂದರೆ ಸುಮಾರು 17,582 ಅಡಿ. ಎಷ್ಟಾದರೇನು, ಅಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲದೆ, ಓಡದೆ, ಕುಣಿಯದೆ ಇಳಿದುಬಿಡುವುದು ವಿವೇಕ.

ನುಬ್ರಾದ ಹುಂಡರ್ ಗ್ರಾಮದ ಎತ್ತರ ಸುಮಾರು 3,100 ಮೀಟರ್. ಲೇಹ್‌ಗಿಂತಲೂ ಕೆಳಗಿರುವುದರಿಂದ ಇಲ್ಲಿ ಎರಡು ರಾತ್ರಿ ನಿದ್ದೆ ಸೊಗಸಾಗಿ ಬರುತ್ತದೆ. ಬೂದುಬಣ್ಣದ ಮರಳು ದಿಬ್ಬಗಳು, ಅವುಗಳ ಹಿಂದೆ ಹಿಮದ ತಲೆಯ ಬೆಟ್ಟಗಳು, ನಡುವೆ ಮುಳ್ಳುಪೊದೆಗಳನ್ನು ಮೇಯುವ ಎರಡು ಡುಬ್ಬದ ಒಂಟೆಗಳು. ಲೇಹ್ ಮತ್ತು ಯಾರ್ಕಂದಿನ ನಡುವೆ ಸರಕು ಹೊತ್ತು ನಡೆದ ಸಾರ್ಥವಾಹರ ಒಂಟೆಗಳ ಸಂತತಿ ಇವು. ವ್ಯಾಪಾರದ ದಾರಿ ಮುಚ್ಚಿದ ಮೇಲೆ ಇಲ್ಲಿಯೇ ಉಳಿದುಕೊಂಡವು.

ಹೆಜ್ಜೆಗುರುತು ಉಳಿಯುವ ನೆಲ

ಹನ್ನೆರಡನೆಯ ರಾತ್ರಿ ಮತ್ತೆ ಲೇಹ್. ಹದಿಮೂರನೆಯ ದಿನ ಉಪ್ಶಿಯಲ್ಲಿ ಸಿಂಧೂ ನದಿಯನ್ನು ಬಿಟ್ಟು ತಂಗ್ಲಾಂಗ್ ಕಣಿವೆಯ ಬುಡದಲ್ಲಿರುವ ಗ್ಯಾ ಗ್ರಾಮದ ಬಳಿ ತಂಗಿದರೆ ಸುಮಾರು 4,100 ಮೀಟರಿನಲ್ಲಿ ಒಂದು ರಾತ್ರಿ ಅಭ್ಯಾಸವಾಗುತ್ತದೆ. ಮರುದಿನ ಕಣಿವೆ ದಾಟಿ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ತ್ಸೋ ಕಾರ್ ಸರೋವರವನ್ನು ಸೇರಬೇಕು. ಎತ್ತರ ಸುಮಾರು 4,530 ಮೀಟರ್. ಎರಡು ವಾರದ ತಾಳ್ಮೆಗೆ ಸಿಗುವ ಬಹುಮಾನ ಇಲ್ಲಿದೆ.

ತ್ಸೋ ಕಾರ್ ಎಂದರೆ ಬಿಳಿಯ ಸರೋವರ. ದಡದ ತುಂಬ ಉಪ್ಪಿನ ಬಿಳುಪು. ಪಕ್ಕದಲ್ಲಿಯೇ ಸ್ಟಾರ್ಟ್ಸಾಪುಕ್ ಎಂಬ ಸಿಹಿನೀರಿನ ಚಿಕ್ಕ ಸರೋವರ. ಎರಡೂ ಸೇರಿದ ಈ ಜಲಭೂಮಿಗೆ 2020ರಲ್ಲಿ ರಾಮ್ಸಾರ್ ಮನ್ನಣೆ ದೊರೆಯಿತು. ಕಿಯಾಂಗ್ ಎಂಬ ಕಾಡುಕತ್ತೆಗಳು ಇಲ್ಲಿ ಹಿಂಡುಹಿಂಡಾಗಿ ಮೇಯುತ್ತವೆ. ಕಾಡುಕತ್ತೆಯ ಜಾತಿಗಳಲ್ಲೆಲ್ಲ ಇದೇ ದೊಡ್ಡದು. ವಾಹನವನ್ನು ಕಂಡರೆ ಕೆಲವೊಮ್ಮೆ ಜೊತೆಜೊತೆಯಾಗಿ ಓಡುತ್ತವೆ. ಅದನ್ನು ಪಂದ್ಯವೆಂದು ಬಗೆದು ಬೆನ್ನಟ್ಟುವವರುಂಟು. ಗಾಳಿ ತೆಳುವಾದ ಬಯಲಿನಲ್ಲಿ, ಹುಲ್ಲು ವಿರಳವಾದ ನಾಡಿನಲ್ಲಿ, ಒಂದು ಪ್ರಾಣಿ ವ್ಯರ್ಥವಾಗಿ ಓಡಿದ ಓಟಕ್ಕೆ ಬೆಲೆಯಿದೆ. ರಸ್ತೆ ಬಿಟ್ಟು ಹುಲ್ಲಿನ ಮೇಲೆ ಹರಿದ ಗಾಲಿಯ ಗುರುತು ಇಲ್ಲಿ ವರ್ಷಗಟ್ಟಲೆ ಅಳಿಯುವುದಿಲ್ಲ.

ಜವುಗಿನಲ್ಲಿ ನೆಲದ ಮೇಲೆಯೇ ಗೂಡು ಕಟ್ಟುವ ಕಪ್ಪುಕತ್ತಿನ ಕೊಕ್ಕರೆ ಲಡಾಖಿನ ರಾಜ್ಯಪಕ್ಷಿ. ಸಾಮಾನ್ಯವಾಗಿ ಎರಡೇ ಮೊಟ್ಟೆ. ಜೂನ್ ಜುಲೈ ಹೊತ್ತಿಗೆ ಗೂಡಿನ ಸುತ್ತ ಮರಿಗಳು ಅಡ್ಡಾಡುತ್ತವೆ. ಈ ಮರಿಗಳ ದೊಡ್ಡ ಶತ್ರು ಹಿಮಚಿರತೆಯಲ್ಲ, ಬೀಡಾಡಿ ನಾಯಿಗಳು. ಬಿಡಾರಗಳಲ್ಲಿ ಚೆಲ್ಲಿದ ಅನ್ನದ ಮೇಲೆ ಬೆಳೆದ ನಾಯಿಗಳೇ ಗೂಡುಗಳಿಗೆ ನುಗ್ಗುತ್ತವೆ. ಮಿಕ್ಕ ಚಿತ್ರಾನ್ನವನ್ನು ನಾಯಿಗೆ ಹಾಕುವುದು ಊರಿನಲ್ಲಿ ಪುಣ್ಯವಾಗಬಹುದು. ಚಾಂಗ್‌ಥಾಂಗಿನಲ್ಲಿ ಅದರ ಫಲ ಬೇರೆ. ಮಿಕ್ಕುದನ್ನು ಚೀಲದಲ್ಲಿ ಕಟ್ಟಿಕೊಂಡು ಲೇಹ್‌ಗೋ ಮನಾಲಿಗೋ ಒಯ್ಯತಕ್ಕದ್ದು. ಮಾರ್ಮೊಟ್ ಎಂಬ ಬಿಲವಾಸಿಗೆ ಬಿಸ್ಕತ್ತು ತಿನ್ನಿಸುವುದೂ ಸಲ್ಲದು. ಹಿಮಚಿರತೆಯ ಮಾತು ಬಂದುದರಿಂದ ಹೇಳುವುದಾದರೆ, 2024ರ ಜನವರಿಯಲ್ಲಿ ಪ್ರಕಟವಾದ ಗಣತಿಯಂತೆ ಭಾರತದಲ್ಲಿ 718 ಹಿಮಚಿರತೆಗಳಿದ್ದು ಅವುಗಳಲ್ಲಿ 477 ಲಡಾಖಿನವು. ಬೇಸಗೆಯ ಪ್ರವಾಸಿಗೆ ಅದು ಕಾಣಿಸುವುದು ತೀರ ಅಪರೂಪ.

ಬಿಡಾರದ ಸಂಸಾರ

ಡೇರೆಯನ್ನು ಅನುಮತಿಯಿರುವ ತಾಣಗಳಲ್ಲಿ ಮಾತ್ರ, ನೀರಿನಂಚಿನಿಂದ ದೂರವಾಗಿ ಹೂಡಬೇಕು. ಜುಲೈ ತಿಂಗಳಿನಲ್ಲಿಯೂ ಇಲ್ಲಿನ ರಾತ್ರಿಗಳು ಹೆಪ್ಪುಗಟ್ಟುವ ಮಟ್ಟಕ್ಕೆ ಹತ್ತಿರವಾಗಬಲ್ಲವು. ನೆಲದ ತಂಪಿಗೆ ದಪ್ಪ ಹಾಸು, ಮೈಗೆ ಪದರಪದರವಾದ ಉಣ್ಣೆಬಟ್ಟೆ ಬೇಕು. ಚಳಿಗೆ ಹೆದರಿ ಮುಚ್ಚಿದ ಡೇರೆಯೊಳಗೆ ಒಲೆಯನ್ನಾಗಲಿ ಇದ್ದಿಲನ್ನಾಗಲಿ ಉರಿಸಬಾರದು. ವಾಸನೆಯಿಲ್ಲದ ವಿಷಾನಿಲವು ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಹಗಲಿನ ಬಿಸಿಲು ಚರ್ಮವನ್ನೂ ಕಣ್ಣನ್ನೂ ಸುಡುವಷ್ಟು ತೀಕ್ಷ್ಣವಾದುದರಿಂದ ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ ಮಕ್ಕಳಿಗೂ ಅವಶ್ಯ.

ಅಡುಗೆಯ ವಿಷಯಕ್ಕೆ ಗೃಹಿಣಿಯರು ಗಮನ ಕೊಡಬೇಕು. 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯದು. ಪ್ರೆಷರ್ ಕುಕ್ಕರ್ ಇಲ್ಲದೆ ಸಾರಿಲ್ಲ. ಬೇಯಿಸುವ ಗೊಡವೆಯಿಲ್ಲದ ಅವಲಕ್ಕಿ ಮತ್ತು ಹುರಿಹಿಟ್ಟು ಇಲ್ಲಿ ಆಪದ್ಬಾಂಧವರು. ಹುರಿದ ಬಾರ್ಲಿಯ ಹಿಟ್ಟನ್ನು ಚಹಾದಲ್ಲಿ ಕಲಸಿ ತಿನ್ನುವ ಲಡಾಖಿಗರು ನಮ್ಮ ಹುರಿಹಿಟ್ಟನ್ನು ಕಂಡರೆ ನೆಂಟರನ್ನು ಕಂಡಂತೆ ನಕ್ಕಾರು. ನೀರು, ಗಂಜಿ, ಸಾರು ಇವನ್ನು ಆಗಾಗ್ಗೆ ಕುಡಿಯುತ್ತಿರಬೇಕು. ಮದ್ಯವೂ ನಿದ್ದೆಮಾತ್ರೆಯೂ ಉಸಿರಾಟವನ್ನು ಕುಗ್ಗಿಸುವುದರಿಂದ ಎರಡನ್ನೂ ವರ್ಜಿಸಬೇಕು.

ದೇಹವು ಕೊಡುವ ನೋಟೀಸು

ತಲೆನೋವಿನೊಡನೆ ವಾಕರಿಕೆ, ತೀವ್ರ ಆಯಾಸ, ತಲೆಸುತ್ತು ಸೇರಿದರೆ ಅದನ್ನು ಬೆಟ್ಟದ ಕಾಯಿಲೆಯೆಂದೇ ಎಣಿಸಿ ಏರುವುದನ್ನು ನಿಲ್ಲಿಸಬೇಕು. ಪ್ರಯಾಣದ ಬಳಲಿಕೆ, ಊಟ ಸೇರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳುವುದೇ ಅಪಾಯದ ಮೊದಲ ಮೆಟ್ಟಿಲು. ಮಾತು ಬಾರದ ಮಕ್ಕಳು ತಲೆನೋವನ್ನು ಹೇಳಲಾರರು. ರಚ್ಚೆ ಹಿಡಿಯುವುದು, ಹಾಲು ಒಲ್ಲೆನೆನ್ನುವುದು, ಆಟವನ್ನು ಮರೆಯುವುದು ಇವೇ ಅವರ ಭಾಷೆ.

ಎರಡು ಚಿಹ್ನೆಗಳು ಕಂಡರೆ ಬೆಳಗಾಗುವ ತನಕ ಕಾಯಬಾರದು. ಮೊದಲನೆಯದು, ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ನೊರೆಯಾದ ಕಫ. ಇದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ ಸೂಚನೆ. ಎರಡನೆಯದು, ಮಾತಿನಲ್ಲಿ ಗೊಂದಲ, ನಡಿಗೆಯಲ್ಲಿ ತೂರಾಟ. ಇದು ಮಿದುಳು ಬಾತುಕೊಳ್ಳುತ್ತಿರುವುದರ ಸೂಚನೆ. ನೆಲದ ಮೇಲೆ ಗೆರೆಯೆಳೆದು ಹಿಮ್ಮಡಿಗೆ ಬೆರಳು ತಾಗಿಸಿ ನಡೆಸಿ ನೋಡಿದರೆ ತೂರಾಟ ಬಯಲಾಗುತ್ತದೆ. ಇಂಥ ರೋಗಿಗೆ ಆಮ್ಲಜನಕ ಕೊಡುತ್ತ ಕೂಡಲೇ ಕೆಳಗಿಳಿಸಿ ವೈದ್ಯರಿಗೆ ಒಪ್ಪಿಸಬೇಕು. ಲೇಹ್‌ನ ಸೋನಮ್ ನೊರ್ಬು ಸ್ಮಾರಕ ಆಸ್ಪತ್ರೆಯ ವೈದ್ಯರಿಗೆ ಈ ಕಾಯಿಲೆಯ ಪರಿಚಯ ಚೆನ್ನಾಗಿದೆ. ರೋಗಿಯನ್ನು ಒಂಟಿಯಾಗಿ ಮಲಗಿಸಿ ಉಳಿದವರು ಸರೋವರ ನೋಡಲು ಹೋಗುವುದು ಸರ್ವಥಾ ಕೂಡದು.

ಅಸೆಟಜೋಲಮೈಡ್ ಎಂಬ ಮಾತ್ರೆಯು ಮೂತ್ರಪಿಂಡಗಳ ಕೆಲಸವನ್ನು ಚುರುಕುಗೊಳಿಸಿ ದೇಹ ಒಗ್ಗುವುದಕ್ಕೆ ನೆರವಾಗುತ್ತದೆ. ಸಲ್ಫಾ ಔಷಧಗಳು ಒಗ್ಗದವರು ಇದನ್ನು ತಮ್ಮ ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆಯು ದಿನಗಳಿಗೆ ಸಹಾಯಕವೇ ಹೊರತು ದಿನಗಳಿಗೆ ಬದಲಲ್ಲ. ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಹತೋಟಿಗೆ ಬಾರದ ರಕ್ತದೊತ್ತಡ, ರಕ್ತಹೀನತೆ ಇರುವವರೂ ಗರ್ಭಿಣಿಯರೂ ಹೊರಡುವ ಮುನ್ನ ವೈದ್ಯರ ಅನುಮತಿ ಪಡೆಯತಕ್ಕದ್ದು. ಮಧುಮೇಹಿಗಳು ಇನ್ಸುಲಿನ್ ಹೆಪ್ಪುಗಟ್ಟದಂತೆ ಮೈಗೆ ತಾಗಿಸಿಕೊಂಡು ಮಲಗಬೇಕು.

ಮರಳುವ ದಾರಿ

ತ್ಸೋ ಕಾರ್‌ನಲ್ಲಿ ಎರಡು ರಾತ್ರಿ ಕಳೆದು ಹದಿನಾರನೆಯ ದಿನ ನಸುಕಿನಲ್ಲಿಯೇ ಹೊರಡಬೇಕು. ಬಿಸಿಲೇರಿದಂತೆ ಹಿಮ ಕರಗಿ ರಸ್ತೆಗೆ ಅಡ್ಡವಾದ ಹಳ್ಳಗಳು ಮಧ್ಯಾಹ್ನದ ಹೊತ್ತಿಗೆ ಉಕ್ಕುತ್ತವೆ. ಬೆಳಗ್ಗೆ ಮೊಣಕಾಲು ನೆನೆಯದ ನೀರು ಸಂಜೆ ಕಾರನ್ನು ತಳ್ಳೀತು. ಲೇಹ್ ಹತ್ತಿರದ ಪಂಪು ಬಿಟ್ಟರೆ ಕೇಲಾಂಗ್ ಕಡೆಯ ಪಂಪಿನವರೆಗೆ ಇಂಧನವನ್ನು ನಂಬಿಕೊಳ್ಳಲಾಗದು, ತೊಟ್ಟಿ ತುಂಬಿರಬೇಕು. ಮೋರೆ ಬಯಲು, ಪಾಂಗ್, ಲಾಚುಂಗ್ ಕಣಿವೆ, ಇಪ್ಪತ್ತೊಂದು ತಿರುವುಗಳ ಗಾಟಾ ಇಳಿಜಾರು ದಾಟಿ ಸರ್ಚುವಿನಲ್ಲಿ ರಾತ್ರಿ. ಮೂರನೆಯ ದಿನವೇ ಬಂದಿದ್ದರೆ ತಲೆ ಸಿಡಿಸುತ್ತಿದ್ದ ಅದೇ ಸರ್ಚು ಹದಿನಾರನೆಯ ದಿನಕ್ಕೆ ಗಾಢ ನಿದ್ದೆ ಕೊಡುತ್ತದೆ. ಸ್ಥಳ ಬದಲಾಗಿಲ್ಲ, ಬಂದವನು ಬದಲಾಗಿದ್ದಾನೆ.

ಹದಿನೇಳನೆಯ ದಿನ ಬಾರಾಲಾಚಾ ಇಳಿದು, ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯನ್ನು ದಾಟಿ, 2020ರ ಅಕ್ಟೋಬರಿನಲ್ಲಿ ತೆರೆದ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗವನ್ನು ಹೊಕ್ಕರೆ ಇನ್ನೊಂದು ಬಾಯಿಯಲ್ಲಿ ಮನಾಲಿಯ ಹಸಿರು ಎದುರುಗೊಳ್ಳುತ್ತದೆ. ಹದಿನೆಂಟನೆಯ ದಿನ ದೆಹಲಿ.

ಅಷ್ಟು ದಿನಗಳ ರಜೆ ಎಲ್ಲರಿಗೂ ದೊರೆಯದು ಎಂಬುದು ನಿಜ. ದೊರೆಯದವರು ಸುತ್ತನ್ನು ಮೊಟಕು ಮಾಡಲಿ, ಏರುವ ದಿನಗಳನ್ನಲ್ಲ. ಹತ್ತು ಹನ್ನೆರಡು ದಿನಗಳಿದ್ದರೆ ಲೇಹ್‌ವರೆಗೆ ಹೋಗಿ ಬಂದ ದಾರಿಯಲ್ಲಿಯೇ ಮರಳಲಿ. ಎಂಟೇ ಇದ್ದರೆ ಸೋನಾಮರ್ಗದಲ್ಲಿ ಡೇರೆ ಹೂಡಿ ಹಿಂದಿರುಗಲಿ. ತ್ಸೋ ಕಾರ್ ಇನ್ನೊಂದು ವರ್ಷಕ್ಕೆ ಉಳಿದಿರುತ್ತದೆ.

ಆ ಸರೋವರದ ದಡದಲ್ಲಿ ಬೇಸಗೆಯಲ್ಲಿ ಮರಿ ಮಾಡುವ ಪಕ್ಷಿಗಳಲ್ಲಿ ಪಟ್ಟೆತಲೆಯ ಹೆಬ್ಬಾತು ಒಂದು. ಇದೇ ಜಾತಿಯ ಹೆಬ್ಬಾತುಗಳು ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತವೆ. ತೆಳುಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ರಕ್ತವನ್ನು ಅವು ಹುಟ್ಟಿನಿಂದಲೇ ಪಡೆದು ಬಂದಿವೆ. ಮಾಗಡಿ ಕೆರೆಯ ನಾಡಿನಿಂದ ಹೊರಟ ಮನುಷ್ಯನಿಗೆ ಆ ಭಾಗ್ಯವಿಲ್ಲ. ಅವನು ತನ್ನ ಉಸಿರನ್ನು ದಿನಕ್ಕಿಷ್ಟರಂತೆ ಸಂಪಾದಿಸಿಕೊಂಡೇ ಏರಬೇಕು.